ಕಾಗದವನ್ನು ತಕ್ಕಡಿಗೆ ಹಾಕಿದ ಮೇಷ್ಟ್ರು: ರೋಲೆಂಡ್ ಹಿಲ್

ಮಕ್ಕಳೇ, ಅಂಚೆ ಕಚೇರಿಯಲ್ಲಿ ದಪ್ಪನೆಯ ಲಕೋಟೆ ಕೊಟ್ಟರೆ ಅದನ್ನು ತೂಗಿ, ಎಷ್ಟು ರೂಪಾಯಿಯ ಅಂಚೆಚೀಟಿ ಹಚ್ಚಬೇಕೆಂದು ಹೇಳುತ್ತಾರೆ. ದೂರ ಎಷ್ಟೇ ಇರಲಿ, ಕಾಗದಕ್ಕೆ ತೂಕ ನೋಡಿ ದರ ಎಂಬ ಪದ್ಧತಿಯನ್ನು ಬ್ರಿಟನ್ನಿನಲ್ಲಿ ತಂದವರು ಒಬ್ಬ ಶಾಲಾ ಶಿಕ್ಷಕರು. ಅವರೇ ರೋಲೆಂಡ್ ಹಿಲ್.

ಹಿಲ್ ಹುಟ್ಟಿದ್ದು 1795ರ ಡಿಸೆಂಬರ್ 3ರಂದು, ಇಂಗ್ಲೆಂಡಿನ ಕಿಡರ್‌ಮಿನ್‌ಸ್ಟರ್ ಊರಿನಲ್ಲಿ. ಮನೆಯಲ್ಲಿ ಬಡತನ. ಆಗ ಕಾಗದದ ಹಣವನ್ನು ಸಾಮಾನ್ಯವಾಗಿ ಪಡೆದವರೇ ಕೊಡಬೇಕಿತ್ತು. ಹೀಗಾಗಿ ಅಂಚೆಯವನು ಬಂದರೆ ತಾಯಿಗೆ ಸಂತೋಷಕ್ಕಿಂತ ಭಯವೇ ಹೆಚ್ಚು. ಒಮ್ಮೆ ಆ ಹಣ ಹೊಂದಿಸಲು ಹಳೆಬಟ್ಟೆಯ ಚೀಲವನ್ನು ಮಾರಿ ಬರಲು ಬಾಲಕ ರೋಲೆಂಡನನ್ನೇ ಕಳಿಸಿದ್ದರು. ತಂದೆ ಶಾಲೆ ನಡೆಸುತ್ತಿದ್ದರು. ಹನ್ನೆರಡನೆಯ ವಯಸ್ಸಿಗೇ ರೋಲೆಂಡ್ ಅಲ್ಲಿ ಪಾಠ ಹೇಳತೊಡಗಿದ.

ಆ ಕಾಲದ ಅಂಚೆ ದರ ವಿಚಿತ್ರವಾಗಿತ್ತು. ಕಾಗದ ಎಷ್ಟು ಮೈಲಿ ಹೋಗಬೇಕು, ಒಳಗೆ ಎಷ್ಟು ಹಾಳೆ ಇದೆ ಎಂದು ಲೆಕ್ಕ ಹಾಕುತ್ತಿದ್ದರು. ಎರಡು ಹಾಳೆಗೆ ಎರಡರಷ್ಟು ದರ. ಲಕೋಟೆಯೂ ಒಂದು ಹಾಳೆಯೇ! ಅದಕ್ಕೇ ಜನ ಲಕೋಟೆ ಬಳಸದೆ, ಬರೆದ ಹಾಳೆಯನ್ನೇ ಮಡಿಚಿ ಅರಗಿನ ಮುದ್ರೆ ಒತ್ತುತ್ತಿದ್ದರು. ಕೆಲವರು ಹಾಳೆ ತುಂಬಿದ ಮೇಲೆ ಅದನ್ನು ಅಡ್ಡ ತಿರುಗಿಸಿ, ಬರೆದ ಸಾಲುಗಳ ಮೇಲೆಯೇ ಮತ್ತೆ ಬರೆಯುತ್ತಿದ್ದರು. ಓದುವವರ ಪಾಡು ಏನಾಗಿರಬೇಕು!

ಹಿಲ್ ಅಂಚೆ ಇಲಾಖೆಯ ನೌಕರರಲ್ಲ. ಆದರೂ ಇಲಾಖೆಯ ಲೆಕ್ಕಪತ್ರಗಳನ್ನು ತರಿಸಿಕೊಂಡು ಗುಣಿಸಿ ಭಾಗಿಸಿದರು. ಲಂಡನ್ನಿನಿಂದ ಎಡಿನ್‌ಬರೋಗೆ ಹೋಗುವ ಕಾಗದಕ್ಕೆ ಜನ ಒಂದು ಷಿಲಿಂಗ್‌ಗಿಂತ, ಅಂದರೆ 12 ಪೆನ್ನಿಗಿಂತ ಹೆಚ್ಚು ಕೊಡುತ್ತಿದ್ದರು. ಆದರೆ ಅದನ್ನು ಸಾಗಿಸಲು ತಗಲುವ ಖರ್ಚು ಒಂದು ಪೆನ್ನಿಯ 36ನೇ ಒಂದು ಭಾಗ ಮಾತ್ರ! ಒಂದೇ ಗಾಡಿಯಲ್ಲಿ ಸಾವಿರಾರು ಕಾಗದಗಳು ಹೋಗುವಾಗ ದೂರದ ಖರ್ಚು ಹಂಚಿಹೋಗುತ್ತದೆ. ನಿಜವಾದ ಖರ್ಚು ಇದ್ದದ್ದು ಕಾಗದಗಳನ್ನು ವಿಂಗಡಿಸಿ, ಹಾಳೆ ಎಣಿಸಿ, ಮನೆಬಾಗಿಲಲ್ಲಿ ಹಣ ವಸೂಲಿ ಮಾಡುವ ಕೆಲಸದಲ್ಲಿ.

1837ರಲ್ಲಿ ಹಿಲ್ ಇದನ್ನೆಲ್ಲ ಪುಸ್ತಿಕೆಯಾಗಿ ಬರೆದರು. ಅವರ ಸಲಹೆ ಸರಳ. ಹಾಳೆ ಎಣಿಸುವುದು ಬೇಡ, ತೂಗಿ. ಅರ್ಧ ಔನ್ಸ್‌ವರೆಗೆ, ಅಂದರೆ ಸುಮಾರು 14 ಗ್ರಾಂವರೆಗೆ, ದೇಶದೊಳಗೆ ಎಲ್ಲಿಗಾದರೂ ಒಂದೇ ಪೆನ್ನಿ. ಹಣ ಮೊದಲೇ ಕಟ್ಟಬೇಕು. ಎ-4 ಅಳತೆಯ ಹಾಳೆ ಸುಮಾರು 5 ಗ್ರಾಂ ತೂಗುತ್ತದೆ. ಹಾಗಾದರೆ ಒಂದು ಪೆನ್ನಿಗೆ ಎಷ್ಟು ಹಾಳೆ ಕಳಿಸಬಹುದಿತ್ತು? ನೀವೇ ಲೆಕ್ಕ ಹಾಕಿ. ಲಕೋಟೆಯ ತೂಕವನ್ನು ಮರೆಯಬೇಡಿ.

ಅಧಿಕಾರಿಗಳು ವಿರೋಧಿಸಿದರು. ಆದರೂ 1840ರ ಜನವರಿ 10ರಂದು ಪೆನ್ನಿ ಅಂಚೆ ಜಾರಿಗೆ ಬಂತು. ಅದೇ ವರ್ಷದ ಮೇ ತಿಂಗಳಲ್ಲಿ ಪ್ರಪಂಚದ ಮೊದಲ ಅಂಟಿಸುವ ಅಂಚೆಚೀಟಿ ‘ಪೆನ್ನಿ ಬ್ಲ್ಯಾಕ್’ ಬಂತು. 1839ರಲ್ಲಿ ಸುಮಾರು 7.6 ಕೋಟಿಯಷ್ಟಿದ್ದ ಕಾಗದಗಳು ಮರುವರ್ಷ ಸುಮಾರು 16.9 ಕೋಟಿಗೆ ಏರಿದವು. ಆದರೆ ಇಲಾಖೆಯ ಲಾಭ ಮೂರನೇ ಒಂದು ಭಾಗಕ್ಕಿಂತಲೂ ಕೆಳಗಿಳಿಯಿತು. ಜನ ಇನ್ನೂ ಹೆಚ್ಚು ಬರೆಯುತ್ತಾರೆಂದು ಹಿಲ್ ಎಣಿಸಿದ್ದರು. ಆ ಎಣಿಕೆ ಅಷ್ಟು ಬೇಗ ಫಲಿಸಲಿಲ್ಲ. 1842ರಲ್ಲಿ ಅವರನ್ನು ಕೆಲಸದಿಂದ ತೆಗೆದುಹಾಕಿದರು. ನಾಲ್ಕು ವರ್ಷಗಳ ನಂತರ ಮತ್ತೆ ಕರೆಸಿಕೊಂಡರು. 1854ರಲ್ಲಿ ಅವರು ಅಂಚೆ ಇಲಾಖೆಯ ಕಾರ್ಯದರ್ಶಿಯಾದರು.

ಅದೇ 1854ರಲ್ಲಿ ಭಾರತದಲ್ಲೂ ದೂರದ ಲೆಕ್ಕ ಬಿಟ್ಟು, ಕಾಲು ತೊಲ ತೂಕದ ಕಾಗದಕ್ಕೆ ಅರ್ಧ ಆಣೆ ಎಂಬ ದರ ಬಂತು. ಕಾಲು ತೊಲವೆಂದರೆ 3 ಗ್ರಾಂಗೂ ಕಡಿಮೆ. ತೆಳು ಹಾಳೆಯಲ್ಲಿ ಬರೆದವರೇ ಜಾಣರು!

ಹಿಲ್ 1879ರ ಆಗಸ್ಟ್ 27ರಂದು ತೀರಿಕೊಂಡರು. ಬ್ರಿಟನ್ನಿನ ಅಂಚೆ ಇಲಾಖೆ ಪಾರ್ಸೆಲ್‌ಗಳನ್ನು ಒಯ್ಯತೊಡಗಿದ್ದು ಅದಾಗಿ ನಾಲ್ಕು ವರ್ಷಕ್ಕೆ, 1883ರಲ್ಲಿ. ಆಗ ತಕ್ಕಡಿಯೊಂದೇ ಸಾಲಲಿಲ್ಲ. ಹತ್ತಿಯಂಥ ಹಗುರ ವಸ್ತುವಿನ ದೊಡ್ಡ ಗಂಟು ತೂಗುವುದು ಕಡಿಮೆ, ಆದರೆ ಗಾಡಿಯ ಜಾಗವನ್ನೆಲ್ಲ ತಿನ್ನುತ್ತದೆ. ಹೀಗಾಗಿ ಏಳು ಪೌಂಡ್ ತೂಕದ ಮಿತಿಯ ಜೊತೆಗೆ ಗಂಟಿನ ಅಳತೆಗೂ ಮಿತಿ ಹಾಕಿ, ಅಳತೆಪಟ್ಟಿ ಹಿಡಿಯಬೇಕಾಯಿತು.