ಹಾದಿಯಲ್ಲೇ ಕಾರಿನ ಆರೈಕೆ ಕಲಿಸಿದ ಬರ್ತಾ ಬೆಂಜ್

ಮೋಟಾರು ಕಾರಿನ ಇತಿಹಾಸ ಎಂದರೆ ಸಾಮಾನ್ಯವಾಗಿ ಸಂಶೋಧಕರ, ಪೇಟೆಂಟುಗಳ ಹಾಗೂ ಕಾರ್ಖಾನೆಗಳ ಇತಿಹಾಸ. ಅದರಲ್ಲಿ ಜರ್ಮನಿಯ ಕಾರ್ಲ್ ಬೆಂಜ್ ಅವರಿಗೆ ಅಗ್ರಸ್ಥಾನ ಸಂದಿದೆ. ಆದರೆ ಅವರು ನಿರ್ಮಿಸಿದ ಯಂತ್ರ ಕಾರ್ಖಾನೆಯ ಅಂಗಳ ದಾಟಿ ಊರಿನಿಂದ ಊರಿಗೆ ಸಾಗಬಲ್ಲದು ಎಂಬುದನ್ನು ಜಗತ್ತಿಗೆ ತೋರಿಸಿಕೊಟ್ಟವರು ಅವರ ಪತ್ನಿ ಬರ್ತಾ ಬೆಂಜ್. 1888ರಲ್ಲಿ ಇಬ್ಬರು ಮಕ್ಕಳೊಂದಿಗೆ ಆಕೆ ಕೈಗೊಂಡ ಪಯಣ ವಿಶ್ವದ ಮೊದಲ ದೂರದ ಕಾರು ಪ್ರಯಾಣವೆಂದು ಮನ್ನಣೆ ಪಡೆದಿದೆ. ಇಂಧನದ ನಳಿಕೆ ಕಟ್ಟಿಕೊಂಡರೆ, ಬ್ರೇಕು ಸವೆದರೆ, ತಂಪಾಗಿಸುವ ನೀರು ಆರಿಹೋದರೆ ಏನು ಮಾಡಬೇಕು? ಇಂದಿಗೂ ಪ್ರತಿಯೊಬ್ಬ ಕಾರು ಮಾಲೀಕರನ್ನು ಕಾಡುವ ಈ ಪ್ರಶ್ನೆಗಳು ಮೊದಲು ಎದುರಾದದ್ದು ಅದೇ ಹಾದಿಯಲ್ಲಿ.

ಬಳುವಳಿಯೇ ಬಂಡವಾಳ

ಬರ್ತಾ ಜನಿಸಿದ್ದು 1849ರ ಮೇ 3ರಂದು, ಇಂದಿನ ಜರ್ಮನಿಯ ನೈಋತ್ಯ ಭಾಗದಲ್ಲಿರುವ ಫೋರ್ಟ್ಸ್‌ಹೈಮ್ ಪಟ್ಟಣದಲ್ಲಿ. ಅಂದು ಅದು ಬಾಡೆನ್ ಸಂಸ್ಥಾನಕ್ಕೆ ಸೇರಿತ್ತು. ತಂದೆ ಕಾರ್ಲ್ ಫ್ರೀಡ್ರಿಶ್ ರಿಂಗರ್ ಬಡಗಿಯಾಗಿದ್ದು, ಕಟ್ಟಡ ನಿರ್ಮಾಣದಿಂದ ಅನುಕೂಲಸ್ಥರಾದವರು. ಮತ್ತೆ ಹೆಣ್ಣುಮಗುವೇ ಹುಟ್ಟಿತಲ್ಲ ಎಂಬ ಬೇಸರವನ್ನು ಅವರು ಕುಟುಂಬದ ಬೈಬಲಿನಲ್ಲಿ ಬರೆದಿಟ್ಟಿದ್ದರೆಂದೂ, ಬಾಲಕಿ ಬರ್ತಾ ಅದನ್ನು ಕಂಡು ನೊಂದಿದ್ದಳೆಂದೂ ಹೇಳಲಾಗುತ್ತದೆ. ಆದರೂ ತಂದೆ ಮಗಳನ್ನು ಊರಿನ ಹೆಣ್ಣುಮಕ್ಕಳ ಶಾಲೆಗೆ ಕಳುಹಿಸಿದರು. ಯಂತ್ರಗಳ ಬಗ್ಗೆ ಆಕೆಗೆ ಬಾಲ್ಯದಿಂದಲೇ ಕುತೂಹಲವಿತ್ತು.

1869ರಲ್ಲಿ ಸಂಘವೊಂದರ ವಿಹಾರದ ಸಂದರ್ಭದಲ್ಲಿ ಆಕೆಗೆ ಯುವ ಎಂಜಿನಿಯರ್ ಕಾರ್ಲ್ ಬೆಂಜ್ ಅವರ ಪರಿಚಯವಾಯಿತು. ರೈಲ್ವೆ ಎಂಜಿನ್ ಚಾಲಕರೊಬ್ಬರ ಮಗನಾದ ಬೆಂಜ್ ಅವರ ಬಳಿ ಹಣವಿರಲಿಲ್ಲ. ಕುದುರೆಯಿಲ್ಲದೆ ಓಡುವ ಗಾಡಿಯ ಕನಸೊಂದಿತ್ತು. 1871ರಲ್ಲಿ ಅವರು ಮನ್‌ಹೈಮ್ ನಗರದಲ್ಲಿ ಆಗಸ್ಟ್ ರಿಟ್ಟರ್ ಎಂಬ ಪಾಲುದಾರನೊಂದಿಗೆ ಯಂತ್ರಾಗಾರವೊಂದನ್ನು ತೆರೆದರು. ಪಾಲುದಾರ ನಂಬಿಕೆಗೆ ಅರ್ಹನಲ್ಲವೆಂದು ತಿಳಿಯಲು ಹೆಚ್ಚು ಕಾಲ ಬೇಕಾಗಲಿಲ್ಲ. ಆತನ ಪಾಲನ್ನು ಕೊಂಡು ಸಂಸ್ಥೆಯನ್ನು ಉಳಿಸಿಕೊಳ್ಳಲು ಹಣ ಬೇಕಿತ್ತು. ಆಗ ಬರ್ತಾ, ತವರಿನಿಂದ ತಮಗೆ ಸಲ್ಲಬೇಕಿದ್ದ ಬಳುವಳಿಯನ್ನು ಮದುವೆಗೆ ಮೊದಲೇ ಪಡೆದು ಭಾವೀ ಪತಿಯ ಉದ್ಯಮಕ್ಕೆ ತೊಡಗಿಸಿದರು.

ಅವಿವಾಹಿತೆಯಾಗಿ ಈ ನಿರ್ಧಾರ ತೆಗೆದುಕೊಳ್ಳುವ ಸ್ವಾತಂತ್ರ್ಯ ಆಕೆಗಿತ್ತು. 1872ರ ಜುಲೈ 20ರಂದು ವಿವಾಹವಾದ ಬಳಿಕ ಅದೂ ಇಲ್ಲವಾಯಿತು. ವಿವಾಹಿತ ಮಹಿಳೆ ತನ್ನ ಆಸ್ತಿಯನ್ನು ಸ್ವತಂತ್ರವಾಗಿ ವಿನಿಯೋಗಿಸಲು ಅಂದಿನ ಕಾನೂನಿನಲ್ಲಿ ಅವಕಾಶವಿರಲಿಲ್ಲ. ಹೀಗಾಗಿ ಬರ್ತಾ ಅವರ ಹಣ, ಶ್ರಮ, ಸಲಹೆಗಳೆಲ್ಲವೂ ಮುಂದೆ ಪತಿಯ ಹೆಸರಿನಲ್ಲೇ ದಾಖಲಾದವು.

ಮುಂದಿನ ವರ್ಷಗಳು ಕಷ್ಟದವು. 1873ರ ಆರ್ಥಿಕ ಕುಸಿತದಿಂದ ಯಂತ್ರಾಗಾರಕ್ಕೆ ಕೆಲಸ ಸಿಗದಾಯಿತು, ಸಾಲ ಬೆಳೆಯಿತು. ಮನೆಯಲ್ಲಿ ಯೂಗೆನ್, ರಿಚರ್ಡ್, ಕ್ಲಾರಾ ಎಂಬ ಮೂವರು ಮಕ್ಕಳು. 1879ರ ವರ್ಷಾಂತ್ಯದ ರಾತ್ರಿ, ಊಟ ಮುಗಿಸಿದ ದಂಪತಿ ಹಲವು ದಿನಗಳಿಂದ ಹಟ ಹಿಡಿದು ಕುಳಿತಿದ್ದ ಎಂಜಿನ್ನನ್ನು ಮತ್ತೊಮ್ಮೆ ಪರೀಕ್ಷಿಸಲು ಯಂತ್ರಾಗಾರಕ್ಕೆ ನಡೆದರು. ಹಾಗೆ ಹೋಗಿ ನೋಡಲು ಪ್ರೇರೇಪಿಸಿದವರು ಬರ್ತಾ. ಅಂದು ಎಂಜಿನ್ ಮೊದಲ ಬಾರಿಗೆ ಲಯಬದ್ಧವಾಗಿ ಓಡಿತು. 1883ರಲ್ಲಿ ಹೊಸ ಪಾಲುದಾರರೊಂದಿಗೆ ಬೆಂಜ್ ಆಂಡ್ ಕಂಪೆನಿ ಆರಂಭವಾಯಿತು.

ಪೇಟೆಂಟ್ ಬಂತು, ಗ್ರಾಹಕರು ಬರಲಿಲ್ಲ

1886ರ ಜನವರಿ 29ರಂದು ಕಾರ್ಲ್ ಬೆಂಜ್ ತಮ್ಮ ಮೂರು ಚಕ್ರದ ಮೋಟಾರು ಗಾಡಿಗೆ ಪೇಟೆಂಟ್ ಕೋರಿ ಅರ್ಜಿ ಸಲ್ಲಿಸಿದರು. 37435 ಸಂಖ್ಯೆಯ ಆ ಪೇಟೆಂಟನ್ನು ಇಂದು ಮೋಟಾರು ಕಾರಿನ ಜನನ ಪ್ರಮಾಣಪತ್ರವೆಂದೇ ಪರಿಗಣಿಸಲಾಗುತ್ತದೆ. ಅದೇ ವರ್ಷದ ಜುಲೈ 3ರಂದು ಗಾಡಿ ಮನ್‌ಹೈಮ್ ನಗರದ ವರ್ತುಲ ರಸ್ತೆಯಲ್ಲಿ ಸಾರ್ವಜನಿಕರೆದುರು ಓಡಿತು.

ಜನ ಬೆರಗಾಗಿ ನೋಡಿದರು. ಕೊಳ್ಳಲು ಮುಂದಾದವರು ವಿರಳ. ಸದ್ದು ಮಾಡುವ, ಹೊಗೆ ಉಗುಳುವ ಈ ಯಂತ್ರ ಎಲ್ಲಿ ನಿಂತುಬಿಡುವುದೋ ಎಂಬ ಅಂಜಿಕೆ ಅವರದು. ಆ ಅಂಜಿಕೆಗೆ ಕಾರಣವೂ ಇತ್ತು. ಗಾಡಿಯನ್ನು ಅಲ್ಲಿಯವರೆಗೆ ಓಡಿಸಿದ್ದು ಊರೊಳಗೆ ಮತ್ತು ಸುತ್ತಮುತ್ತ ಮಾತ್ರ. ಕೆಟ್ಟು ನಿಂತರೆ ತಳ್ಳಿಕೊಂಡು ಮನೆಗೆ ತರಬಹುದಾದಷ್ಟು ದೂರವಷ್ಟೇ ಅದರ ಲೋಕವಾಗಿತ್ತು. ಕಾರ್ಲ್ ಬೆಂಜ್ ಪ್ರತಿಭಾವಂತರಾದರೂ ಎಲ್ಲವೂ ಪರಿಪೂರ್ಣವಾಗುವವರೆಗೆ ಯಂತ್ರವನ್ನು ಹೊರಗೆ ಬಿಡಲೊಲ್ಲದ ಸ್ವಭಾವದವರು. ಮಾರಾಟದ ಚಾತುರ್ಯ ಅವರಿಗಿರಲಿಲ್ಲ. ತಮ್ಮ ಬಳುವಳಿಯನ್ನೂ ಹದಿನಾರು ವರ್ಷಗಳ ಸಂಸಾರವನ್ನೂ ಈ ಗಾಡಿಗೆ ಧಾರೆಯೆರೆದಿದ್ದ ಬರ್ತಾ ಬೇರೊಂದು ಮಾರ್ಗ ಹಿಡಿದರು.

ಬೆಳಗಿನ ಜಾವದ ಪಯಣ

1888ರ ಆಗಸ್ಟ್ ತಿಂಗಳ ಒಂದು ಬೆಳಗಿನ ಜಾವ, ಪತಿ ಇನ್ನೂ ನಿದ್ರೆಯಲ್ಲಿದ್ದಾಗ, 39ರ ಹರೆಯದ ಬರ್ತಾ 15 ವರ್ಷದ ಯೂಗೆನ್ ಮತ್ತು 13 ವರ್ಷದ ರಿಚರ್ಡ್ ಜೊತೆ ಗಾಡಿಯನ್ನು ಹೊರತೆಗೆದರು. ತವರೂರಾದ ಫೋರ್ಟ್ಸ್‌ಹೈಮ್‌ಗೆ ಹೋಗುತ್ತಿರುವುದಾಗಿ ಚೀಟಿ ಬರೆದಿಟ್ಟಿದ್ದರೇ ಹೊರತು, ಹೋಗುತ್ತಿರುವುದು ಮೋಟಾರು ಗಾಡಿಯಲ್ಲಿ ಎಂಬುದನ್ನು ತಿಳಿಸಿರಲಿಲ್ಲ. ಕ್ರಮಿಸಬೇಕಿದ್ದ ದೂರ ಸುಮಾರು 106 ಕಿಲೋಮೀಟರ್. ರಸ್ತೆಗಳೆಲ್ಲ ಕುದುರೆಗಾಡಿಗಳಿಗಾಗಿ ರೂಪುಗೊಂಡವು. ಪೆಟ್ರೋಲ್ ಬಂಕ್ ಎಂಬುದೇ ಜಗತ್ತಿನಲ್ಲಿರಲಿಲ್ಲ.

ಮೊದಲು ಎದುರಾದದ್ದು ಇಂಧನದ ಸಮಸ್ಯೆ. ಗಾಡಿಯಲ್ಲಿ ಹಿಡಿಸುತ್ತಿದ್ದ ಇಂಧನ ಸುಮಾರು ನಾಲ್ಕೂವರೆ ಲೀಟರ್ ಮಾತ್ರ. ಎಂಜಿನ್ ಓಡುತ್ತಿದ್ದುದು ಲಿಗ್ರಾಯಿನ್ ಎಂಬ ಹಗುರ ಪೆಟ್ರೋಲಿಯಂ ದ್ರಾವಣದಿಂದ. ಬಟ್ಟೆಯ ಕಲೆ ತೆಗೆಯಲು ಬಳಕೆಯಾಗುತ್ತಿದ್ದ ಅದು ಔಷಧದ ಅಂಗಡಿಗಳಲ್ಲಿ ಮಾತ್ರ ಸಿಗುತ್ತಿತ್ತು. ವೀಸ್‌ಲಾಖ್ ಪಟ್ಟಣದ ಔಷಧದ ಅಂಗಡಿಯಲ್ಲಿ ಬರ್ತಾ ಅದನ್ನು ಕೊಂಡು ತುಂಬಿಸಿದರು. ಆ ಅಂಗಡಿ ವಿಶ್ವದ ಮೊದಲ ಪೆಟ್ರೋಲ್ ಬಂಕ್ ಎಂಬ ಖ್ಯಾತಿ ಗಳಿಸಿತು.

ಎಂಜಿನ್ನಿನ ದಾಹವಂತೂ ತೀರುವಂತಿರಲಿಲ್ಲ. ಇಂದಿನ ಕಾರುಗಳಲ್ಲಿ ತಂಪುಕಾರಕ ದ್ರವವು ರೇಡಿಯೇಟರ್ ಮತ್ತು ಎಂಜಿನ್ ನಡುವೆ ಸುತ್ತುತ್ತಲೇ ಇರುತ್ತದೆ. ಬೆಂಜ್ ಗಾಡಿಯಲ್ಲಿ ನೀರು ಕುದಿದು ಆವಿಯಾಗುವ ಮೂಲಕವೇ ಎಂಜಿನ್ ತಣಿಯಬೇಕಿತ್ತು. ಹೀಗಾಗಿ ಹಾದಿಯುದ್ದಕ್ಕೂ ಬಾವಿ, ಹಳ್ಳ, ಛತ್ರಗಳಲ್ಲಿ ನಿಂತು ನೀರು ತುಂಬಿಸುವುದು ಅನಿವಾರ್ಯವಾಯಿತು.

ಮಧ್ಯೆ ಇಂಧನದ ನಳಿಕೆಯಲ್ಲಿ ಕಸ ಸಿಕ್ಕಿಕೊಂಡು ಎಂಜಿನ್ ನಿಂತಿತು. ಬರ್ತಾ ತಮ್ಮ ಟೋಪಿಗೆ ಸಿಕ್ಕಿಸಿದ್ದ ಉದ್ದನೆಯ ಪಿನ್ನನ್ನು ತೆಗೆದು ನಳಿಕೆಯನ್ನು ಸ್ವಚ್ಛಗೊಳಿಸಿದರು. ಕಿಡಿ ಹೊತ್ತಿಸುವ ತಂತಿಯ ಹೊದಿಕೆ ಸವೆದು ವಿದ್ಯುತ್ ಸೋರತೊಡಗಿದಾಗ, ಕಾಲುಚೀಲ ಬಿಗಿಯುವ ಪಟ್ಟಿಯನ್ನೇ ಬಿಚ್ಚಿ ತಂತಿಗೆ ಸುತ್ತಿದರು. ಹಿಂಬದಿ ಚಕ್ರಗಳಿಗೆ ಶಕ್ತಿ ಸಾಗಿಸುವ ಸರಪಣಿ ಸಡಿಲಗೊಂಡಾಗ ಬ್ರುಖ್‌ಸಾಲ್ ಊರಿನ ಕಮ್ಮಾರನ ನೆರವು ದೊರೆಯಿತು.

ಏರುಗಳಲ್ಲಿ ಗಾಡಿಗೆ ಶಕ್ತಿ ಸಾಲಲಿಲ್ಲ. ಕಡಿದಾದ ದಿಬ್ಬಗಳಲ್ಲಿ ಇಳಿದು ತಳ್ಳಬೇಕಾಯಿತು. ಇಳಿಜಾರಿನ ತೊಂದರೆ ಇನ್ನೂ ಅಪಾಯಕಾರಿಯಾದದ್ದು. ಚಕ್ರಕ್ಕೆ ಒತ್ತಿಕೊಳ್ಳುವ ಮರದ ಬ್ರೇಕು ತುಂಡುಗಳು ಉಜ್ಜಿ ಉಜ್ಜಿ ಸವೆದುಹೋಗಿದ್ದವು. ಪ್ರಯಾಣದ ಅವಧಿಯಲ್ಲಿ ಬೌಶ್‌ಲಾಟ್ ಎಂಬ ಹಳ್ಳಿಯಲ್ಲಿ ಪಾದರಕ್ಷೆ ಹೊಲಿಯುವವರ ಬಳಿ ಅವುಗಳ ಮೇಲೆ ಚರ್ಮದ ಪಟ್ಟಿ ಹೊಡೆಸಲಾಯಿತು. ಮೂಲ ಭಾಗ ಸವೆಯದಂತೆ ಬದಲಾಯಿಸಬಹುದಾದ ಪದರವೊಂದನ್ನು ಹಾಕುವ ಈ ಉಪಾಯವನ್ನು ಬ್ರೇಕ್ ಲೈನಿಂಗಿನ ಆರಂಭವೆಂದು ಗುರುತಿಸಲಾಗುತ್ತದೆ.

ಹೊತ್ತು ಮುಳುಗುವ ವೇಳೆಗೆ ಮೂವರೂ ಫೋರ್ಟ್ಸ್‌ಹೈಮ್ ತಲುಪಿದರು. ಬರ್ತಾ ಪತಿಗೆ ತಂತಿ ಸಂದೇಶ ಕಳುಹಿಸಿದರು. ಕೆಲವು ದಿನಗಳ ನಂತರ ಬೇರೊಂದು ಮಾರ್ಗವಾಗಿ ಅದೇ ಗಾಡಿಯಲ್ಲಿ ಮನ್‌ಹೈಮ್‌ಗೆ ಮರಳಿದರು.

ಪ್ರಯಾಣಿಕರ ವರದಿ, ಎಂಜಿನಿಯರನ ತಿದ್ದುಪಡಿ

ಈ ಪ್ರಯಾಣವನ್ನು ಕೇವಲ ಸಾಹಸವೆಂದು ಬಣ್ಣಿಸಿದರೆ ಅದರ ಮಹತ್ವ ಅರ್ಧ ಮಾತ್ರ ತಿಳಿದಂತೆ. ಗಾಡಿ ಸುದ್ದಿಯಾಯಿತು ಎಂಬುದು ಒಂದು ಲಾಭ. ಅದರ ದೋಷಗಳ ಖಚಿತ ಪಟ್ಟಿಯೊಂದು ನಿರ್ಮಾಪಕನ ಕೈಸೇರಿತು ಎಂಬುದು ಅದಕ್ಕಿಂತ ದೊಡ್ಡ ಲಾಭ. ಪತ್ನಿ ಮತ್ತು ಮಕ್ಕಳ ಅನುಭವವನ್ನು ಆಧರಿಸಿ ಕಾರ್ಲ್ ಬೆಂಜ್ ದಿಬ್ಬ ಹತ್ತಲು ನೆರವಾಗುವ ಹೆಚ್ಚುವರಿ ಗೇರನ್ನು ಅಳವಡಿಸಿದರು, ಬ್ರೇಕನ್ನು ಸುಧಾರಿಸಿದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಮ್ಯೂನಿಕ್ ನಗರದ ಯಂತ್ರ ಪ್ರದರ್ಶನದಲ್ಲಿ ಬೆಂಜ್ ಗಾಡಿಗೆ ಚಿನ್ನದ ಪದಕ ಲಭಿಸಿತು. ನಂತರದ ದಶಕದಲ್ಲಿ ಮಾರಾಟ ಏರುತ್ತಾ ಹೋಗಿ, ಶತಮಾನ ಮುಗಿಯುವ ಹೊತ್ತಿಗೆ ಬೆಂಜ್ ಕಂಪೆನಿ ಜಗತ್ತಿನ ಅತಿ ದೊಡ್ಡ ಕಾರು ತಯಾರಕ ಸಂಸ್ಥೆಯಾಗಿತ್ತು.

ಬರ್ತಾ ಎದುರಿಸಿದ ತೊಂದರೆಗಳು ಹೆಸರು ಬದಲಿಸಿಕೊಂಡು ಇಂದಿಗೂ ಉಳಿದಿವೆ. ಆಕೆಯ ಟೋಪಿಯ ಪಿನ್ನು ಮಾಡಿದ ಕೆಲಸವನ್ನು ಈಗ ಇಂಧನದ ಫಿಲ್ಟರ್ ಮಾಡುತ್ತದೆ. ಕೈಪಿಡಿಯಲ್ಲಿ ಸೂಚಿಸಿದ ಅವಧಿಗೆ ಅದನ್ನು ಬದಲಿಸದಿದ್ದರೆ ಕಾರು ನಡುದಾರಿಯಲ್ಲಿ ನಿಲ್ಲುವುದು ಅಂದಿನಂತೆಯೇ. ತಂಪುಕಾರಕ ದ್ರವದ ಮಟ್ಟವನ್ನು ಎಂಜಿನ್ ತಣ್ಣಗಿರುವಾಗಲೇ ನೋಡಬೇಕು. ಬಿಸಿಯಾಗಿರುವಾಗ ರೇಡಿಯೇಟರ್ ಮುಚ್ಚಳ ತೆರೆದರೆ ಕುದಿಯುವ ದ್ರವ ಚಿಮ್ಮಿ ಮೈ ಸುಡಬಹುದು. ಚರ್ಮದ ಪಟ್ಟಿಯ ಸ್ಥಾನದಲ್ಲಿರುವ ಬ್ರೇಕ್ ಪ್ಯಾಡ್‌ಗಳು ಕಿರುಗುಟ್ಟಿದರೆ ಅದು ಸವೆತದ ಎಚ್ಚರಿಕೆ. ಘಟ್ಟದ ಇಳಿಜಾರಿನಲ್ಲಿ ಬ್ರೇಕನ್ನೇ ನೆಚ್ಚದೆ ಕೆಳಗಿನ ಗೇರಿನಲ್ಲಿ ಇಳಿಯಬೇಕೆಂಬ ಚಾಲಕರ ಹಳೆಯ ಪಾಠಕ್ಕೂ ಕಾರಣ ಇದೇ: ಸತತ ಉಜ್ಜುವಿಕೆಯಿಂದ ಕಾದ ಬ್ರೇಕು ಹಿಡಿತ ಕಳೆದುಕೊಳ್ಳುತ್ತದೆ.

ದಾರಿಯಲ್ಲಿ ಸಂಪೂರ್ಣ ಕೈಕೊಟ್ಟಿದ್ದರೆ ಬರ್ತಾ ಅವರ ಗಾಡಿಯನ್ನು ಎಳೆದೊಯ್ಯಲು ಕುದುರೆಯಲ್ಲದೆ ಅನ್ಯ ಮಾರ್ಗವಿರಲಿಲ್ಲ. ಕೆಟ್ಟ ಕಾರನ್ನು ಎತ್ತಿ ಒಯ್ಯುವ ವಾಹನವನ್ನು ಅಮೆರಿಕದ ಚಟನೂಗ ಪಟ್ಟಣದ ಅರ್ನೆಸ್ಟ್ ಹೋಮ್ಸ್ ರೂಪಿಸಿದ್ದು 1916ರಲ್ಲಿ. ಇಂದು ಆ ಸೌಲಭ್ಯವಿದ್ದರೂ ಎಚ್ಚರ ಬೇಕು. ಹಗ್ಗ ಅಥವಾ ಸರಪಣಿಯನ್ನು ತಯಾರಕರು ಒದಗಿಸಿದ ಕೊಕ್ಕೆಗೇ ಕಟ್ಟಬೇಕು, ಬಂಪರಿಗಲ್ಲ. ಸ್ಟಿಯರಿಂಗ್ ಬಿಗಿದುಕೊಳ್ಳದಂತೆ ಕೀಲಿಯನ್ನು ಸರಿಯಾದ ಸ್ಥಾನದಲ್ಲಿಟ್ಟು, ಗೇರನ್ನು ನ್ಯೂಟ್ರಲ್‌ನಲ್ಲಿರಿಸಬೇಕು. ಎಂಜಿನ್ ನಿಂತಿರುವಾಗ ಬ್ರೇಕು ಮತ್ತು ಸ್ಟಿಯರಿಂಗ್ ಎರಡೂ ಭಾರವಾಗುವುದರಿಂದ ಹೆಚ್ಚು ಬಲ ಹಾಕಬೇಕಾಗುತ್ತದೆ. ಆಟೊಮ್ಯಾಟಿಕ್ ಗೇರಿನ ಕಾರುಗಳ ಚಾಲಕ ಚಕ್ರಗಳು ನೆಲದ ಮೇಲೆ ಉರುಳಿದರೆ ಗೇರ್‌ಬಾಕ್ಸ್ ಹಾಳಾಗುವ ಸಂಭವವಿದ್ದು, ಅಂಥವನ್ನು ಟ್ರಕ್ಕಿನ ಮೇಲೇರಿಸಿ ಸಾಗಿಸುವುದೇ ಕ್ಷೇಮ.

ತಡವಾಗಿ ಬಂದ ಗೌರವ

1903ರಲ್ಲಿ ಭಿನ್ನಾಭಿಪ್ರಾಯದಿಂದ ಕಾರ್ಲ್ ಬೆಂಜ್ ತಾವೇ ಕಟ್ಟಿದ ಕಂಪೆನಿಯ ದೈನಂದಿನ ಕಾರ್ಯದಿಂದ ಹಿಂದೆ ಸರಿದರು. ಕುಟುಂಬ ಮನ್‌ಹೈಮ್ ಸಮೀಪದ ಲಾಡೆನ್‌ಬರ್ಗ್ ಪಟ್ಟಣದಲ್ಲಿ ನೆಲೆಸಿತು. ತಾಯಿಯೊಡನೆ ಅಂದು ಗಾಡಿ ತಳ್ಳಿದ್ದ ಯೂಗೆನ್ ಮತ್ತು ರಿಚರ್ಡ್ ಅಲ್ಲಿ ತಂದೆಯ ಹೊಸ ಉದ್ಯಮದಲ್ಲಿ ಜೊತೆಯಾದರು. 1926ರಲ್ಲಿ ಬೆಂಜ್ ಮತ್ತು ಡೈಮ್ಲರ್ ಕಂಪೆನಿಗಳು ಒಂದಾದವು. 1929ರ ಏಪ್ರಿಲ್‌ನಲ್ಲಿ ಕಾರ್ಲ್ ನಿಧನರಾದರು. ಎಲ್ಲರೂ ಕೈಬಿಟ್ಟ ದಿನಗಳಲ್ಲಿ ತಮ್ಮೊಂದಿಗೆ ನಿಂತವರು ಪತ್ನಿಯೊಬ್ಬರೇ ಎಂಬುದನ್ನು ಅವರು ತಮ್ಮ ಆತ್ಮಕಥೆಯಲ್ಲಿ ಸ್ಮರಿಸಿದ್ದಾರೆ.

ಸಾರ್ವಜನಿಕ ಮನ್ನಣೆ ಬರ್ತಾ ಅವರಿಗೆ ಬಂದದ್ದು ಬಹಳ ತಡವಾಗಿ. 1944ರ ಮೇ 3ರಂದು, 95ನೆಯ ಹುಟ್ಟುಹಬ್ಬದ ದಿನ, ಕಾರ್ಲ್ಸ್‌ರೂಹೆಯ ತಾಂತ್ರಿಕ ವಿಶ್ವವಿದ್ಯಾಲಯ ಆಕೆಗೆ ಗೌರವ ಸೆನೆಟರ್ ಪದವಿ ನೀಡಿತು. ಕಾರ್ಲ್ ಬೆಂಜ್ ಓದಿದ್ದ ಸಂಸ್ಥೆಯದು. ಎರಡು ದಿನಗಳ ಬಳಿಕ, ಮೇ 5ರಂದು, ಲಾಡೆನ್‌ಬರ್ಗ್‌ನ ಮನೆಯಲ್ಲಿ ಬರ್ತಾ ಕೊನೆಯುಸಿರೆಳೆದರು.

ಆಕೆ ಸಾಗಿದ ಹಾದಿಯನ್ನು 2008ರಲ್ಲಿ ಬರ್ತಾ ಬೆಂಜ್ ಸ್ಮಾರಕ ಮಾರ್ಗವೆಂದು ಗುರುತಿಸಲಾಯಿತು. ಹೋಗುವ ಮತ್ತು ಬರುವ ದಾರಿಗಳೆರಡೂ ಸೇರಿ ಅದರ ಉದ್ದ 194 ಕಿಲೋಮೀಟರ್. ಅಮೆರಿಕದ ಆಟೊಮೋಟಿವ್ ಹಾಲ್ ಆಫ್ ಫೇಮ್ ಕಾರ್ಲ್ ಬೆಂಜ್ ಅವರ ಹೆಸರನ್ನು 1984ರಲ್ಲೇ ಸೇರಿಸಿಕೊಂಡಿತ್ತು. ಅದೇ ಪಟ್ಟಿಯಲ್ಲಿ ಬರ್ತಾ ಅವರ ಹೆಸರು ಸೇರಿದ್ದು 2016ರಲ್ಲಿ, ಪತಿಯ ನಂತರ 32 ವರ್ಷ ಕಳೆದ ಮೇಲೆ.