ಇಂದಿನ ಧಮ್ಮ ಚಿಂತನೆ: ಸಮ್ಯಕ್ ದೃಷ್ಟಿ



ಬೆಸ್ಸಿ ಕೋಲ್ಮನ್ 1892ರಲ್ಲಿ ಅಮೆರಿಕದ ಟೆಕ್ಸಾಸ್‌ನ ಬಡ ಕಪ್ಪು ಕುಟುಂಬದಲ್ಲಿ ಹುಟ್ಟಿದರು. ಹತ್ತಿ ಬಿಡಿಸುತ್ತ ಬೆಳೆದರು. ಷಿಕಾಗೋದಲ್ಲಿ ಗಿರಾಕಿಗಳ ಉಗುರು ಒಪ್ಪ ಮಾಡಿ ದುಡಿದರು. ವಿಮಾನ ಹಾರಿಸಲು ಕಲಿಯಬೇಕೆಂದರೆ ಅಲ್ಲಿನ ಯಾವ ಶಾಲೆಯೂ ಸೇರಿಸಿಕೊಳ್ಳಲಿಲ್ಲ. ಬಿಳಿ ಹೆಣ್ಣುಮಕ್ಕಳಿಗೆ 1911ರಿಂದಲೇ ಅಲ್ಲಿ ಪರವಾನಗಿ ಸಿಗುತ್ತಿತ್ತು. ಬೆಸ್ಸಿ ಫ್ರೆಂಚ್ ಕಲಿತು, ಹಣ ಕೂಡಿಸಿ, ಸಮುದ್ರ ದಾಟಿ ಫ್ರಾನ್ಸಿಗೆ ಹೋಗಿ 1921ರಲ್ಲಿ ಅದನ್ನು ಪಡೆದರು.

ಮರಳಿ ಬಂದು ವಿಮಾನ ಪ್ರದರ್ಶನ ನೀಡುವಾಗ, ಟೆಕ್ಸಾಸ್‌ನಲ್ಲೊಮ್ಮೆ ಕಪ್ಪು ಜನರಿಗೆ ಬೇರೆ ಗೇಟು ಇಟ್ಟರೆ ಹಾರುವುದಿಲ್ಲವೆಂದು ಪಟ್ಟು ಹಿಡಿದು ಗೆದ್ದರು. ತಮ್ಮವರಿಗೊಂದು ವಿಮಾನ ಶಾಲೆ ತೆರೆಯುವ ಮುನ್ನವೇ 1926ರಲ್ಲಿ ವಿಮಾನದಿಂದ ಬಿದ್ದು ತೀರಿಕೊಂಡರು.

ಅವರ ಛಲವನ್ನು ಮೆಚ್ಚುವುದು ಸುಲಭ. ಬಿಳಿಯರಿಗೆ ಬೇಕಿಲ್ಲದ ಆ ಹೆಚ್ಚಿನ ದುಡಿಮೆಯನ್ನು ಅವರ ಮೇಲೆ ಹೊರಿಸಿದ್ದು ಏನೆಂದು ಕಾಣುವುದೇ ಸಮ್ಯಕ್ ದೃಷ್ಟಿ.

ಜೈ ಭೀಮ್.