ಆಂಡ್ರ್ಯೂ ಮೈನಾರ್ಸ್ಕಿ

ಆಂಡ್ರ್ಯೂ ಚಾರ್ಲ್ಸ್ ಮೈನಾರ್ಸ್ಕಿ (ಅಕ್ಟೋಬರ್ 14, 1916 – ಜೂನ್ 13, 1944) ಎರಡನೆಯ ಮಹಾಯುದ್ಧದ ಕಾಲದಲ್ಲಿ ರಾಯಲ್ ಕೆನಡಿಯನ್ ವಾಯುಪಡೆಯಲ್ಲಿದ್ದ ಯೋಧರು. ಬಾಂಬರ್ ವಿಮಾನದ ಗನ್ನರ್ ಆಗಿದ್ದ ಇವರು, ಹೊತ್ತಿ ಉರಿಯುತ್ತಿದ್ದ ವಿಮಾನದಲ್ಲಿ ಸಿಲುಕಿದ ಸಹಯೋಧರನ್ನು ಬಿಡಿಸುವ ಯತ್ನದಲ್ಲಿ ಪ್ರಾಣ ತೆತ್ತರು. ಈ ತ್ಯಾಗಕ್ಕಾಗಿ ಮರಣೋತ್ತರವಾಗಿ ವಿಕ್ಟೋರಿಯಾ ಕ್ರಾಸ್ ಪದಕ ಪಡೆದರು.

ಜನನ ಮತ್ತು ಬಾಲ್ಯ

ಮೈನಾರ್ಸ್ಕಿಯವರು ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ ವಿನಿಪೆಗ್ ನಗರದಲ್ಲಿ ಜನಿಸಿದರು. ತಂದೆತಾಯಿಗಳು ಪೋಲೆಂಡಿನಿಂದ ವಲಸೆ ಬಂದವರು. ತಂದೆ ತೀರಿಕೊಂಡಾಗ ಆಂಡ್ರ್ಯೂ ಇನ್ನೂ ಹದಿಹರೆಯದವರು. ಸಂಸಾರದ ಭಾರಕ್ಕೆ ಹೆಗಲು ಕೊಡಲು ಅವರು ತೊಗಲು ಕತ್ತರಿಸುವ ಕೆಲಸಕ್ಕೆ ಸೇರಿದರು.

ವಾಯುಪಡೆಯ ಸೇವೆ

1941ರಲ್ಲಿ ವಾಯುಪಡೆಗೆ ಸೇರಿ, ಗನ್ನರ್ ತರಬೇತಿ ಮುಗಿಸಿ ಇಂಗ್ಲೆಂಡಿಗೆ ತೆರಳಿದರು. 1944ರಲ್ಲಿ ಮಿಡಲ್ಟನ್ ಸೇಂಟ್ ಜಾರ್ಜ್ ನೆಲೆಯ 419ನೆಯ ಸ್ಕ್ವಾಡ್ರನ್ನಿಗೆ ನೇಮಕಗೊಂಡರು. ಅಲ್ಲಿನ ಲ್ಯಾಂಕಾಸ್ಟರ್ ವಿಮಾನದಲ್ಲಿ ಏಳು ಮಂದಿಯ ತಂಡವಿತ್ತು. ವಿಮಾನದ ಬೆನ್ನಿನ ಮೇಲಿದ್ದ ತಿರುಗುವ ಬಂದೂಕುಗೂಡು ಮೈನಾರ್ಸ್ಕಿಯವರ ಸ್ಥಾನ; ಬಾಲದ ತುದಿಯ ಗೂಡಿನಲ್ಲಿ ಅವರ ಆಪ್ತಮಿತ್ರ ಪ್ಯಾಟ್ ಬ್ರೋಫಿ ಇರುತ್ತಿದ್ದರು.

ಕೊನೆಯ ಹಾರಾಟ

ಮಿತ್ರಪಡೆಗಳು ನಾರ್ಮಂಡಿಯಲ್ಲಿ ಇಳಿದು ಒಂದು ವಾರವೂ ಆಗಿರಲಿಲ್ಲ. ಜರ್ಮನ್ ಸೇನೆಯ ರೈಲು ಸಂಚಾರವನ್ನು ತಡೆಯುವ ಸಲುವಾಗಿ ಜೂನ್ 12ರ ರಾತ್ರಿ ಫ್ರಾನ್ಸಿನ ಕಾಂಬ್ರೇ ಪಟ್ಟಣದ ರೈಲ್ವೆ ಅಂಗಳದ ಮೇಲೆ ದಾಳಿ ನಡೆಯಿತು. ಗುರಿ ತಲಪುವ ಮುನ್ನವೇ ಜರ್ಮನ್ ಯುದ್ಧವಿಮಾನವೊಂದು ಹಿಂದಿನಿಂದ, ಕೆಳಗಿನಿಂದ ಎರಗಿತು. ಎಡಬದಿಯ ಎರಡೂ ಎಂಜಿನ್‌ಗಳು ಕೆಟ್ಟವು. ಎರಡು ಬಂದೂಕುಗೂಡುಗಳ ನಡುವೆ ಬೆಂಕಿ ಹತ್ತಿತು. ವಿಮಾನ ಬಿಟ್ಟು ಹಾರಲು ನಾಯಕ ಆರ್ಟ್ ಡಿ ಬ್ರೇನ್ ಆಜ್ಞೆಯಿತ್ತರು.

ಹಾರಲು ಬಾಗಿಲ ಬಳಿ ಬಂದ ಮೈನಾರ್ಸ್ಕಿಯವರಿಗೆ ಬ್ರೋಫಿ ಗೂಡಿನಲ್ಲೇ ಸಿಕ್ಕಿಕೊಂಡಿರುವುದು ಕಾಣಿಸಿತು. ಗೂಡನ್ನು ತಿರುಗಿಸುವ ಯಂತ್ರ ನಿಂತಿತ್ತು, ಕೈಯಿಂದ ತಿರುಗಿಸುವ ಹಿಡಿಕೆಯೂ ಮುರಿದಿತ್ತು. ಮೈನಾರ್ಸ್ಕಿಯವರು ಬೆಂಕಿಯ ನಡುವೆಯೇ ನುಗ್ಗಿ, ಕೊಡಲಿಯಿಂದಲೂ ಬರಿಗೈಯಿಂದಲೂ ಗೂಡನ್ನು ಬಿಡಿಸಲು ಹೆಣಗಿದರು. ಅವರ ಉಡುಪಿಗೂ ಪ್ಯಾರಾಚೂಟಿಗೂ ಬೆಂಕಿ ತಗುಲಿತು. ಇನ್ನು ಪ್ರಯೋಜನವಿಲ್ಲವೆಂದು ಅರಿತ ಬ್ರೋಫಿ, ತನ್ನನ್ನು ಬಿಟ್ಟು ಹೋಗುವಂತೆ ಸನ್ನೆ ಮಾಡಿದರು. ಮೈನಾರ್ಸ್ಕಿಯವರು ಗೆಳೆಯನಿಗೆ ಮುಖ ತಿರುಗಿಸದೆ ಹಿಂದಕ್ಕೆ ಸರಿದು, ಬಾಗಿಲಲ್ಲಿ ನೆಟ್ಟಗೆ ನಿಂತು ಸೆಲ್ಯೂಟ್ ಮಾಡಿ ಹಾರಿದರು. ನೆಲಕ್ಕಿಳಿದಾಗ ಜೀವವಿತ್ತಾದರೂ ತೀವ್ರ ಸುಟ್ಟಗಾಯಗಳಿಂದ ಸ್ವಲ್ಪ ಹೊತ್ತಿನಲ್ಲೇ ಅಸುನೀಗಿದರು.

ವಿಮಾನ ನೆಲಕ್ಕಪ್ಪಳಿಸಿದಾಗ ಬ್ರೋಫಿ ಗೂಡಿನಿಂದ ಹೊರಕ್ಕೆಸೆಯಲ್ಪಟ್ಟು ಆಶ್ಚರ್ಯಕರವಾಗಿ ಬದುಕುಳಿದರು. ತಂಡದ ಉಳಿದ ಐವರೂ ಬದುಕಿದರು. ಮಡಿದವರು ಮೈನಾರ್ಸ್ಕಿ ಒಬ್ಬರೇ.

ಮರಣೋತ್ತರ ಗೌರವ

ವಿಮಾನದ ಹಿಂಭಾಗದಲ್ಲಿ ನಡೆದುದನ್ನು ಕಂಡವರು ಬ್ರೋಫಿಯೊಬ್ಬರೇ. ಅವರು ಬದುಕದಿದ್ದಲ್ಲಿ ಈ ಸಾಹಸ ಯಾರಿಗೂ ತಿಳಿಯುತ್ತಿರಲಿಲ್ಲ. ಅವರ ಹೇಳಿಕೆಯ ಆಧಾರದ ಮೇಲೆ 1946ರ ಅಕ್ಟೋಬರ್‌ನಲ್ಲಿ, ಘಟನೆ ನಡೆದು ಎರಡು ವರ್ಷಗಳು ಕಳೆದ ಬಳಿಕ, ಬ್ರಿಟಿಷ್ ಸಾಮ್ರಾಜ್ಯದ ಅತ್ಯುನ್ನತ ಶೌರ್ಯಪದಕವಾದ ವಿಕ್ಟೋರಿಯಾ ಕ್ರಾಸ್ ಘೋಷಣೆಯಾಯಿತು.

ಸ್ಮಾರಕಗಳು

ಮೈನಾರ್ಸ್ಕಿಯವರ ಸಮಾಧಿ ಫ್ರಾನ್ಸಿನ ಮೆಹರಿಕೂರ್ ಗ್ರಾಮದ ಸ್ಮಶಾನದಲ್ಲಿದೆ. ವಿನಿಪೆಗ್‌ನ ಶಾಲೆಯೊಂದಕ್ಕೆ ಅವರ ಹೆಸರಿಡಲಾಗಿದೆ. ಮಿಡಲ್ಟನ್ ಸೇಂಟ್ ಜಾರ್ಜ್ ನೆಲೆಯಿದ್ದ ಸ್ಥಳದಲ್ಲಿ 2005ರಲ್ಲಿ ಅವರ ಪ್ರತಿಮೆ ಅನಾವರಣಗೊಂಡಿತು. ಕೆನಡಾದ ಹ್ಯಾಮಿಲ್ಟನ್ ನಗರದ ವಿಮಾನ ಸಂಗ್ರಹಾಲಯವು ಲ್ಯಾಂಕಾಸ್ಟರ್ ವಿಮಾನವೊಂದನ್ನು ದುರಸ್ತಿಗೊಳಿಸಿ, ಅವರ ವಿಮಾನದ ಗುರುತುಗಳನ್ನೇ ಬರೆಸಿ, 1988ರಿಂದ ಅವರ ನೆನಪಿಗಾಗಿ ಹಾರಿಸುತ್ತ ಬಂದಿದೆ.